ಗೋಡೆಯ ಬೂಷ್ಟು ಯಾರ ತಲೆಗೆ?

ಕಳೆದ ಕಾರ್ತೀಕದ ಒಂದು ಭಾನುವಾರ. ಕೊಳ್ಳೇಗಾಲದ ಹೊಸ ಬಡಾವಣೆಯೊಂದರ ಬಾಡಿಗೆ ಮನೆ ಮುಂದೆ ಟೆಂಪೋ ನಿಂತಿತ್ತು. ಮಂಚ, ಬೀರು, ಗ್ಯಾಸ್ ಸಿಲಿಂಡರು, ತುಳಸಿ ಕುಂಡ ಎಲ್ಲ ಹತ್ತಿ ಆಗಿತ್ತು. ಮನೆ ಖಾಲಿ ಮಾಡುತ್ತಿದ್ದವರು ಒಬ್ಬ ಹೈಸ್ಕೂಲು ಮೇಷ್ಟ್ರು. ಬೀರು ಇದ್ದ ಜಾಗದಲ್ಲಿ ಗೋಡೆ ಮೊಣಕಾಲಿನಿಂದ ಎದೆಮಟ್ಟದವರೆಗೆ ಕಪ್ಪಗೆ ಬೂಷ್ಟು ಹಿಡಿದು ಕೂತಿತ್ತು. ಮನೆ ಮಾಲೀಕರು ಒಳಗೆ ಬಂದವರೇ ಅದರ ಮುಂದೆ ಸೊಂಟಕ್ಕೆ ಕೈ ಕೊಟ್ಟು ನಿಂತರು.

“ಯಾನ ಮೇಷ್ಟ್ರೆ, ಮನೆಯ ಹಿಂಗ ಮಡಿಕಂಡಿದ್ದರಲ್ಲ? ಪೇಂಟಿಗ ಅಂತ ಅಡ್ವಾನ್ಸಲ್ಲಿ ಹತ್ತು ಸಾವ್ರ ಮುರ್ಕತೀನಿ.”

“ಇದು ನಾವು ಮಾಡಿದ್ದಲ್ಲ ಸಾರ್, ನಿಮ್ಮ ಗೋಡೆ ಮಾಡಿದ್ದು. ಎರಡು ಮಳೆಗಾಲದಿಂದ ಹೇಳ್ತಾನೇ ಇದ್ದೀನಿ.”

“ನಿಮ್ಮ ಮನೆಯವ್ರು ಒದ್ದೆ ಬಟ್ಟೆಯ ಒಳಗೇ ಒಣಗಾಕ್ತರ. ಕಿಟಕಿ ಒಂದಿನ ತಗದಿದ್ದ ನಾ ಕಾಣಿ. ಬೂಷ್ಟು ಬರ್ದೆ ಇನ್ಯಾನ ಬತ್ತದ?”

ಮಾತಿಗೆ ಮಾತು ಬೆಳೆಯಿತು. ಬೀದಿಯವರು ಸೇರಿದರು. ಕೊನೆಗೆ ಪಂಚಾಯ್ತಿ ಮಾಡಿದವನು ಟೆಂಪೋ ಡ್ರೈವರು. ಅವನಿಗೆ ಇನ್ನೊಂದು ಬಾಡಿಗೆಗೆ ಹೊತ್ತಾಗುತ್ತಿತ್ತು. “ಐದ್ ಬುಡಿ, ಐದ್ ಹಿಡ್ಕಳಿ” ಅಂದ. ಇಬ್ಬರೂ ಮುಖ ಊದಿಸಿಕೊಂಡು ಒಪ್ಪಿದರು. ಮೇಷ್ಟ್ರು ಹೋದರು, ಮಾಲೀಕರು ಬೀಗ ಹಾಕಿಕೊಂಡರು.

ಎಲ್ಲರೂ ಹೋದ ಮೇಲೆ ನಾನು ಸುಮ್ಮನೆ ಮನೆಯ ಹಿಂದಕ್ಕೆ ಹೋಗಿ ನೋಡಿದೆ. ತಾರಸಿಯ ಮೇಲಿನ ನೀರಿನ ಟ್ಯಾಂಕು ತುಂಬಿ ಚೆಲ್ಲುವಾಗ ಪೈಪಿನ ನೀರು ನೇರ ಅದೇ ಗೋಡೆಯ ಮೇಲೆ ಇಳಿಯುತ್ತದೆ. ಗೋಡೆಯ ಹೊರಮೈ ಪಾಚಿಗಟ್ಟಿ ಹಸಿರಾಗಿತ್ತು. ಅರ್ಧ ಗಂಟೆ ಕೂಗಾಡಿದ ಅಷ್ಟು ಜನರಲ್ಲಿ ಒಬ್ಬರೂ ಗೋಡೆಯ ಆ ಕಡೆಗೆ ಹೋಗಿರಲಿಲ್ಲ. ಹಾಗಂತ ಮಾಲೀಕರು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಕಿಟಕಿಯ ಚಿಲಕ ತುಕ್ಕು ಹಿಡಿದು ಕೂತಿದ್ದನ್ನೂ ನಾನು ನೋಡಿದೆ. ಆದರೆ ಮೇಷ್ಟ್ರು ಬಿಟ್ಟುಹೋದ ಐದು ಸಾವಿರ ಯಾವ ಲೆಕ್ಕದ್ದು? ಮಾಲೀಕರು ಬಿಟ್ಟ ಐದು ಸಾವಿರ ಯಾವ ಲೆಕ್ಕದ್ದು? ಟೆಂಪೋ ಡ್ರೈವರನ ಲೆಕ್ಕದ್ದು, ಅಷ್ಟೆ.

ಕೊಳ್ಳೇಗಾಲ, ಹನೂರು, ಯಳಂದೂರು ಮೂರೂ ಊರಿನಲ್ಲಿ ಬಾಡಿಗೆಯವರ ಅಡ್ವಾನ್ಸ್ ಹೀಗೆ ಕರಗುತ್ತಿದೆ. ಬೂಷ್ಟು ಯಾರ ತಪ್ಪು ಎಂದು ನಾವು ಕೇಳುವುದೇ ಮನೆ ಬಿಡುವ ದಿನ. ಅವತ್ತು ಕೇಳಿದರೆ ಸಿಗುವುದು ಬೈಗುಳ ಮಾತ್ರ. ಕೇಳಬೇಕಾದ ದಿನ ಬೀಗದ ಕೈ ತೆಗೆದುಕೊಳ್ಳುವ ದಿನ. ಮತ್ತು ಕೇಳಬೇಕಾದ್ದು “ಯಾರು ಮಾಡಿದರು” ಅಂತ ಅಲ್ಲ, “ನೀರು ಎಲ್ಲಿಂದ ಬಂತು” ಅಂತ.

ಇದೇನು ಮಡಿಕೇರಿಯೇ?

ಈ ವಿಷಯ ಎತ್ತಿದರೆ ಮನೆ ಮಾಲೀಕರ ಬಾಯಲ್ಲಿ ಮೊದಲು ಬರುವ ಮಾತು, “ಇದೇನು ಮಡಿಕೇರಿಯೇ? ನಮ್ಮದು ಬಯಲು ಸೀಮೆ ಸ್ವಾಮಿ, ಇಲ್ಲಿ ಎಲ್ಲಿಯ ಶೀತ?” ನಿಜ, ಮಡಿಕೇರಿಯ ಮಳೆಯ ಮೂರರಲ್ಲಿ ಒಂದು ಪಾಲೂ ನಮ್ಮಲ್ಲಿ ಬೀಳದು. ಮುಂಗಾರು ನಮ್ಮನ್ನು ಬಳಸಿಕೊಂಡು ಹೋಗುತ್ತದೆ. ಆದರೆ ನಮ್ಮ ಮಳೆ ಬರುವುದು ಹೊತ್ತು ಮುಳುಗಿದ ಮೇಲೆ ಬರುವ ನೆಂಟನ ಹಾಗೆ. ಸೆಪ್ಟೆಂಬರು, ಅಕ್ಟೋಬರಿನಲ್ಲಿ ಸುರಿದು ಗೋಡೆಗೆ ನೀರು ಕುಡಿಸುತ್ತದೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ನವೆಂಬರಿನಲ್ಲೂ ನಾಲ್ಕು ದಿನ ಜಿಟಿಜಿಟಿ. ಅದರ ಬೆನ್ನಿಗೇ ಚಳಿಗಾಲ. ಕುಡಿದ ನೀರನ್ನು ಗೋಡೆ ಕಾರಿಕೊಳ್ಳಲು ಬಿಸಿಲೇ ಸಿಗುವುದಿಲ್ಲ. ಬೂಷ್ಟಿಗೆ ಆಗುಂಬೆಯ ಮಳೆ ಬೇಕಿಲ್ಲ. ಗೋಡೆ ಒಂದೆರಡು ದಿನ ಒದ್ದೆಯಾಗಿಯೇ ಇದ್ದರೆ ಅದಕ್ಕೆ ಸಾಕು.

ಬಯಲು ಸೀಮೆ ಎಂಬ ಈ ಧೈರ್ಯದಿಂದಲೇ ನಮ್ಮಲ್ಲಿ ಮನೆ ಕಟ್ಟುವಾಗ ನೀರಿನ ಯೋಚನೆ ಕಡಿಮೆ. ಮಡಿಕೇರಿಯವನು ಗೋಡೆಯಿಂದ ಎರಡಡಿ ಮುಂದಕ್ಕೆ ಮಾಡು ಇಳಿಸುತ್ತಾನೆ. ನಾವು ಡಬ್ಬಿಯ ಹಾಗೆ ಕಟ್ಟಿ, ಕಿಟಕಿಗೆ ಅಂಗೈಯಗಲ ಸಜ್ಜ ಇಟ್ಟು, ಮುಂದಿನ ಗೋಡೆಗೆ ಟೈಲ್ಸ್ ಅಂಟಿಸಿ ಗೃಹಪ್ರವೇಶ ಮಾಡುತ್ತೇವೆ.

ಯಳಂದೂರಿನ ಕಥೆ ಬೇರೆ. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಕೊಟ್ಟ ಊರು ಅದು. ಹಳೆಯ ಊರಾದ್ದರಿಂದ ಹಳೆಯ ತೊಟ್ಟಿ ಮನೆಗಳಿವೆ. ಅಣ್ಣತಮ್ಮಂದಿರು ಭಾಗವಾಗಿ, ಒಂದೊಂದು ಅಂಕಣವನ್ನು ಬಾಡಿಗೆಗೆ ಬಿಟ್ಟಿದ್ದಾರೆ. ಮೊಳದಗಲದ ಮಣ್ಣಿನ ಗೋಡೆ, ಸುಣ್ಣದ ಗಾರೆ, ಮೇಲೆ ಹೆಂಚು. ಮಣ್ಣಿನ ಗೋಡೆಯೂ ನೆಲದ ತೇವ ಹೀರುತ್ತದೆ. ಆದರೆ ಸುಣ್ಣದ ಮೈಯಿಂದ ಅದನ್ನು ಹೊರಗೆ ಬಿಡುತ್ತದೆ, ಉಸಿರಾಡಿದ ಹಾಗೆ. ಈಗ ಏನಾಗಿದೆ ಎಂದರೆ, ಬಾಡಿಗೆಗೆ ಚಂದ ಕಾಣಲಿ ಎಂದು ಅದರ ಮೇಲೆ ಸಿಮೆಂಟು ಮೆತ್ತಿ, ಪುಟ್ಟಿ ಎಳೆದು, ಪ್ಲಾಸ್ಟಿಕ್ ಪೇಂಟ್ ಹೊಡೆಯುತ್ತಾರೆ. ಗೋಡೆಗೆ ಉಸಿರು ಕಟ್ಟುತ್ತದೆ. ನೀರು ಒಳಗೇ ಮೇಲಕ್ಕೆ ಹತ್ತಿ, ಮೂರು ಅಡಿಯ ಹತ್ತಿರ ಪೇಂಟು ಗುಳ್ಳೆ ಎದ್ದು, ಉಪ್ಪು ಉದುರಿ, ಆಮೇಲೆ ಬೂಷ್ಟು. ಹೊಸ ಪೇಂಟಿನ ವಾಸನೆಗೆ ಮರುಳಾಗಿ ಬಂದ ಬಾಡಿಗೆಯವನಿಗೆ ಇದು ಗೊತ್ತಾಗುವುದು ಆರು ತಿಂಗಳ ಮೇಲೆ.

ಹನೂರಿನಲ್ಲಿ ಇದರ ಉಲ್ಟಾ. 2017ರ ಬಜೆಟ್ಟಿನಲ್ಲಿ ಹನೂರನ್ನು ತಾಲ್ಲೂಕು ಎಂದು ಸಾರಿದ ಮೇಲೆ ಕಚೇರಿಗಳು ಬಂದವು, ನೌಕರರು ಬಂದರು, ಬಾಡಿಗೆ ಮನೆಗೆ ಬೇಡಿಕೆ ಬಂತು. ಸಿಮೆಂಟ್ ಇಟ್ಟಿಗೆಯಲ್ಲಿ ಬಿರಬಿರನೆ ಎದ್ದ ಮನೆಗಳಿಗೆ ಪ್ಲಾಸ್ಟರು ಒಣಗುವ ಮುಂಚೆಯೇ ಅಡ್ವಾನ್ಸ್ ತೆಗೆದುಕೊಂಡಿದ್ದಾರೆ. ಹೊಸ ಮನೆ ಎಂದರೆ ಹಸಿ ಮನೆ. ಕಾಂಕ್ರೀಟು, ಗಾರೆ, ಕ್ಯೂರಿಂಗಿಗೆ ಬಿಟ್ಟ ನೀರು ಎಲ್ಲ ಹೊರಗೆ ಹೋಗಲು ತಿಂಗಳುಗಟ್ಟಲೆ ಬೇಕು. ಮೊದಲು ಒಕ್ಕಲು ಬಂದವನ ಸಂಸಾರದ ಎದೆಯೊಳಕ್ಕೆ ಆ ನೀರು ಇಳಿಯುತ್ತದೆ. ಪಾಯದ ಮೇಲೆ ಗೋಡೆ ಏಳುವ ಮುಂಚೆ ನೆಲದ ತೇವ ತಡೆಯಲು ಹಾಕುವ ಪಟ್ಟಿಗೆ ಮೇಸ್ತ್ರಿಗಳು ಡಿಪಿಸಿ ಎನ್ನುತ್ತಾರೆ. ಅದನ್ನು ಉಳಿಸಿದರೆ ಕಟ್ಟುವವನಿಗೆ ಉಳಿಯುವುದು ಅಷ್ಟಿಷ್ಟು ಕಾಸು. ಕಟ್ಟಿದ ಮೇಲೆ ಹಾಕುತ್ತೇನೆ ಎಂದರೆ ಗೋಡೆಯನ್ನೇ ಕೊರೆಯಬೇಕು.

ನದಿಯ ಪಾಲೂ ಇದೆ. 2018, 2019ರಲ್ಲಿ ಕಾವೇರಿ ಉಕ್ಕಿದಾಗ ದಾಸನಪುರ, ಮುಳ್ಳೂರು, ಹಳೇ ಹಂಪಾಪುರ, ಹಳೇ ಅಣಗಳ್ಳಿಯ ಮನೆಗಳು ನೀರು ಕುಡಿದವು. 2022ರಲ್ಲಿ ಸುವರ್ಣಾವತಿ ಯಳಂದೂರು ತಾಲ್ಲೂಕಿನ ಊರುಗಳಿಗೆ ನುಗ್ಗಿತು. ಆದರೆ ಆ ಗೋಡೆಗಳ ಬೂಷ್ಟಿಗೆ ಯಾರೂ ಯಾರನ್ನೂ ಬೈಯಲಿಲ್ಲ. ನೀರು ಎಲ್ಲಿಂದ ಬಂತು ಎಂದು ಊರಿಗೇ ಗೊತ್ತಿತ್ತು.

ಹುಳು ಸಾಕುವವರಿಗೆ ಗೊತ್ತಿರುವುದು

ಬೂಷ್ಟಿನ ವಿದ್ಯೆ ನಮ್ಮ ಸೀಮೆಗೆ ಹೊಸದೇನಲ್ಲ. ಕೊಳ್ಳೇಗಾಲ ರೇಷ್ಮೆಯ ಊರು. ಹುಳು ಸಾಕುವ ಯಾವ ರೈತನನ್ನಾದರೂ ಕೇಳಿ, ಸುಣ್ಣಕಟ್ಟು ರೋಗ ಎಂದರೆ ಏನೆಂದು ಹೇಳುತ್ತಾನೆ. ಮಳೆಗಾಲ, ಚಳಿಗಾಲದ ಶೀತಕ್ಕೆ ಹುಳುವಿನ ಮೇಲೆ ಬೂಷ್ಟು ಬೆಳೆದು, ಹುಳು ಸತ್ತು ಸುಣ್ಣದ ಕಡ್ಡಿಯಂತೆ ಬಿರುಸಾಗುತ್ತದೆ. ಅದರ ಜಾತಿ ಬೇರೆ, ಮನೆ ಗೋಡೆಯದರ ಜಾತಿ ಬೇರೆ. ಆದರೆ ಎರಡಕ್ಕೂ ಅನ್ನ ತೇವವೇ. ಆ ರೈತ ಏನು ಮಾಡುತ್ತಾನೆ? ಹಾಸಿಗೆಯ ಮೇಲೆ ಸುಣ್ಣದ ಪುಡಿ ಉದುರಿಸುತ್ತಾನೆ, ಒದ್ದೆ ಸೊಪ್ಪು ಹಾಕುವುದಿಲ್ಲ, ಗಾಳಿ ಆಡುವಂತೆ ಮಾಡುತ್ತಾನೆ, ಸತ್ತ ಹುಳುವನ್ನು ಆರಿಸಿ ಸುಡುತ್ತಾನೆ. ಹುಳುವಿನ ಮನೆಗೆ ಇಷ್ಟು ಜೋಪಾನ ಮಾಡುವ ಊರಿನಲ್ಲಿ ಮಕ್ಕಳು ಮಲಗುವ ಕೋಣೆಯನ್ನು ಪೇಂಟು ಹೊಡೆದು ಮುಚ್ಚುತ್ತೇವೆ.

ನೀರು ಎಲ್ಲಿಂದ ಬಂತು ಎಂದು ಪತ್ತೆ ಮಾಡಲು ಇಂಜಿನಿಯರು ಬೇಡ. ಗೋಡೆಯ ಬುಡದಿಂದ ಮೇಲಕ್ಕೆ ಹತ್ತಿದ್ದರೆ ನೆಲದ ನೀರು. ಸೂರಿನ ಮೂಲೆಯಿಂದ ಕೆಳಕ್ಕೆ ಇಳಿದಿದ್ದರೆ ತಾರಸಿಯ ನೀರು. ದೋಣಿ ಕಟ್ಟಿಕೊಂಡಿರುತ್ತದೆ, ಇಲ್ಲವೇ ಸುರ್ಕಿ ಬಿರುಕು ಬಿಟ್ಟಿರುತ್ತದೆ. ಬಚ್ಚಲಿನ ಬೆನ್ನಿಗಿರುವ ಗೋಡೆಯಲ್ಲಿ ಒಂದು ಕಡೆ ಮಾತ್ರ ಮಂಡಲ ಹಾಕಿದ್ದರೆ ಪೈಪು. ಇದ್ಯಾವುದೂ ಅಲ್ಲದೆ ಬೀರುವಿನ ಹಿಂದೆ, ಮಂಚದ ಕೆಳಗೆ, ಮೂಲೆಗಳಲ್ಲಿ ಚುಕ್ಕಿ ಚುಕ್ಕಿಯಾಗಿ ಬಂದಿದ್ದರೆ ಮನೆಯೊಳಗಿನ ಆವಿ: ಅನ್ನ, ಮುದ್ದೆ, ಸಾರು ಕುದಿದ ಆವಿ, ಬಿಸಿನೀರಿನ ಆವಿ, ಒಳಗೆ ಹರವಿದ ಬಟ್ಟೆಯ ಆವಿ, ನಾಲ್ಕು ಜನ ರಾತ್ರಿಯೆಲ್ಲ ಬಿಟ್ಟ ಉಸಿರು. ತಣ್ಣಗಿನ ಗೋಡೆಗೆ ತಾಗಿದರೆ ಅದು ನೀರಾಗುತ್ತದೆ.

ಅನುಮಾನ ಇದ್ದರೆ ಒಂದು ಸುಲಭದ ಪರೀಕ್ಷೆ ಇದೆ. ಗೋಡೆಯ ಮೇಲೆ ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಾಕಿ ಅಂಟಿಸಿ. ಎರಡು ದಿನ ಬಿಟ್ಟು ನೋಡಿ. ಹಾಳೆಯ ಒಳಮಗ್ಗುಲು, ಗೋಡೆಯ ಕಡೆ, ಬೆವರಿದ್ದರೆ ನೀರು ಗೋಡೆಯದು. ಹೊರಮಗ್ಗುಲು, ಕೋಣೆಯ ಕಡೆ, ಬೆವರಿದ್ದರೆ ನೀರು ಸಂಸಾರದ್ದು. ಎರಡೂ ಕಡೆ ಬೆವರಿದ್ದರೆ ಇಬ್ಬರೂ ಬಾಯಿ ಮುಚ್ಚಿಕೊಂಡು ಕೂತು ಮಾತಾಡುವುದು ಒಳ್ಳೆಯದು.

ನನ್ನ ತೀರ್ಪು ಕೇಳಿದರೆ ಹೀಗೆ. ನೆಲದ ನೀರು, ತಾರಸಿಯ ನೀರು, ಗೋಡೆಯೊಳಗಿನ ಪೈಪಿನ ನೀರು, ಹಸಿ ಪ್ಲಾಸ್ಟರಿನ ನೀರು ಮಾಲೀಕನ ತಲೆಗೆ. ಆವಿ ಬಾಡಿಗೆಯವನ ತಲೆಗೆ. ಆದರೆ ಇಲ್ಲೊಂದು ಮಾತು. ಆವಿ ಹೊರಗೆ ಹೋಗಲು ದಾರಿಯನ್ನೇ ಇಡದೆ, ಅಡುಗೆಮನೆಗೆ ಗವಾಕ್ಷಿ ಇಲ್ಲದೆ, ಬಟ್ಟೆ ಒಣಗಿಸಲು ಮಹಡಿಗೆ ಬಿಡದೆ ಬೀಗ ಹಾಕಿಕೊಂಡ ಮಾಲೀಕ, “ಒಳಗೆ ಬಟ್ಟೆ ಹಾಕ್ತೀರಿ” ಎಂದು ದೂರುವ ಹಾಗಿಲ್ಲ. ಕೆಳಮನೆಯವರು ತಾರಸಿಗೆ ಕಾಲಿಡಬಾರದು ಎಂಬ ಕಟ್ಟಳೆ ನಮ್ಮೂರಿನಲ್ಲಿ ಎಷ್ಟು ಮನೆಗಳಲ್ಲಿ ಇಲ್ಲ ಹೇಳಿ?

ಕಾನೂನಿನ ಕಪಾಟಿನಲ್ಲಿ

ಪಿಯುಸಿ ಅರ್ಧಕ್ಕೆ ಬಿಟ್ಟ ನನಗೆ ಕಾನೂನು ಪುಸ್ತಕದ ಇಂಗ್ಲಿಷು ಒಂದೇ ಗುಕ್ಕಿಗೆ ಇಳಿಯುವುದಿಲ್ಲ. ಪರಿಚಯದ ವಕೀಲರೊಬ್ಬರನ್ನು ಕೂರಿಸಿಕೊಂಡು ಎರಡು ಸಂಜೆ ಓದಿಸಿದೆ. ಇದಕ್ಕೆ ಸಂಬಂಧಪಟ್ಟ ಮುಖ್ಯ ಕಾನೂನು 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಕೊಳ್ಳೇಗಾಲ ಮದರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕಾಲದಿಂದ, ಅಂದರೆ 1956ಕ್ಕೆ ಬಹಳ ಹಿಂದಿನಿಂದ, ನಮ್ಮ ತಲೆಯ ಮೇಲಿರುವ ಕಾನೂನು.

ಅದರ 108ನೇ ಕಲಮಿನಲ್ಲಿ ಮೂರು ಮಾತು ನಮಗೆ ಬೇಕಾದವು. ಮನೆಯಲ್ಲಿ ಸುಲಭಕ್ಕೆ ಕಣ್ಣಿಗೆ ಬೀಳದ ದೊಡ್ಡ ದೋಷ ಇದ್ದು ಅದು ಮಾಲೀಕನಿಗೆ ಗೊತ್ತಿದ್ದರೆ, ಬಾಡಿಗೆಗೆ ಬರುವವನಿಗೆ ಅವನು ಹೇಳಲೇಬೇಕು. ಪ್ರತಿ ವರ್ಷ ದೀಪಾವಳಿಗೆ ಬೂಷ್ಟು ಬರುವ ಗೋಡೆಗೆ ಬಣ್ಣ ಬಳಿದು ಬಾಯಿ ಮುಚ್ಚಿಕೊಂಡು ಬಾಡಿಗೆಗೆ ಕೊಟ್ಟರೆ ಅದು ಜಾಣತನ ಅಲ್ಲ, ತಪ್ಪು. ಎರಡನೆಯದು, ಮಾಲೀಕ ಮಾಡಿಸಬೇಕಾದ ರಿಪೇರಿಯನ್ನು ನೋಟಿಸು ಕೊಟ್ಟ ಮೇಲೂ ತಕ್ಕ ಸಮಯದಲ್ಲಿ ಮಾಡಿಸದಿದ್ದರೆ, ಬಾಡಿಗೆಯವನೇ ಮಾಡಿಸಿ ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಮೂರನೆಯದು ಬಾಡಿಗೆಯವನಿಗೆ. ಬರುವಾಗ ಮನೆ ಹೇಗಿತ್ತೋ ಹೋಗುವಾಗ ಹಾಗೇ ಒಪ್ಪಿಸಬೇಕು. ಬಳಕೆಯ ಸವಕಳಿ ಮತ್ತು ತಡೆಯಲಾಗದ ಹೊರಗಿನ ಶಕ್ತಿಯಿಂದ ಆದದ್ದಕ್ಕೆ ಮಾತ್ರ ವಿನಾಯಿತಿ. ತನ್ನ ತಪ್ಪಿನಿಂದ ಕೆಟ್ಟದ್ದಕ್ಕೆ ನೋಟಿಸು ಬಂದ ಮೂರು ತಿಂಗಳೊಳಗೆ ಸರಿಮಾಡಿಕೊಡಬೇಕು.

ಕೇಳಿದರೆ ಚೆನ್ನಾಗಿದೆ. ಆದರೆ ಬಾಡಿಗೆಯವರು ಈಗಲೇ ಹಿಗ್ಗಬೇಡಿ. ಕಾಯ್ದೆ ಹೇಳುವುದು “ಮಾಲೀಕ ಮಾಡಿಸಬೇಕಾದ ರಿಪೇರಿ” ಎಂದು ಮಾತ್ರ. ಯಾವ ಯಾವ ರಿಪೇರಿ ಮಾಲೀಕನದು ಎಂಬ ಪಟ್ಟಿ ಅದರಲ್ಲಿ ಇಲ್ಲ. ಅದನ್ನು ಕರಾರು ಹೇಳಬೇಕು, ಇಲ್ಲವೇ ಊರ ರೂಢಿ ಹೇಳಬೇಕು. ನಮ್ಮ ಕರಾರು ಪತ್ರ ಹೇಗಿರುತ್ತದೆ? ಡಿಟಿಪಿ ಅಂಗಡಿಯವನ ಕಂಪ್ಯೂಟರಿನಲ್ಲಿ ಹತ್ತು ವರ್ಷದಿಂದ ಒಂದೇ ಪ್ರತಿ. ಹೆಸರು, ಬಾಡಿಗೆ, ಹನ್ನೊಂದು ತಿಂಗಳು ಇಷ್ಟು ಬದಲಾಗುತ್ತದೆ. “ಖಾಲಿ ಮಾಡುವಾಗ ಪೇಂಟಿಂಗ್ ಬಾಬ್ತು ಒಂದು ತಿಂಗಳ ಬಾಡಿಗೆಯನ್ನು ಮುರಿದುಕೊಳ್ಳತಕ್ಕದ್ದು” ಎಂಬ ಸಾಲು ಮಾತ್ರ ಎಲ್ಲೂ ತಪ್ಪುವುದಿಲ್ಲ. ಗೋಡೆ ಹೇಗಿತ್ತು, ಸೋರಿದರೆ ಯಾರು ನೋಡಬೇಕು ಎಂಬ ಒಂದಕ್ಷರ ಇರುವುದಿಲ್ಲ.

ಕರ್ನಾಟಕ ಬಾಡಿಗೆ ಕಾಯ್ದೆ ಇಲ್ಲವೇ ಎಂದು ಕೇಳಬಹುದು. 1961ರ ಹಳೆಯದನ್ನು ತೆಗೆದು 1999ರದನ್ನು 2001ರ ಡಿಸೆಂಬರ್ ಕೊನೆಗೆ ಜಾರಿಗೆ ತಂದರು. ಆವಾಗ ಹಾಕಿದ ಮಿತಿ ದೊಡ್ಡ ನಗರಗಳಿಗೆ ತಿಂಗಳಿಗೆ 3,500 ರೂಪಾಯಿ, ಉಳಿದ ಕಡೆ 2,000. ಅದಕ್ಕಿಂತ ಹೆಚ್ಚಿನ ಬಾಡಿಗೆಯ ಮನೆ ಆ ಕಾಯ್ದೆಯ ಆಚೆಗೆ. ಇವತ್ತು ಆ ಬಾಡಿಗೆಗೆ ಎಂಥ ಮನೆ ಸಿಗುತ್ತದೆ ಎಂದು ಓದುಗರಿಗೆ ನಾನು ಹೇಳಬೇಕಿಲ್ಲ.

ಕೇಂದ್ರ ಸಂಪುಟ 2021ರ ಜೂನ್ 2ರಂದು ಒಂದು ಮಾದರಿ ಬಾಡಿಗೆ ಕಾಯ್ದೆಗೆ ಒಪ್ಪಿಗೆ ಕೊಟ್ಟಿತು. ಅದರಲ್ಲಿ ಪಟ್ಟಿ ಇದೆ. ಕಟ್ಟಡದ ಮೂಲ ರಿಪೇರಿ, ಸುಣ್ಣ ಬಣ್ಣ, ಪೈಪು ಬದಲಾಯಿಸುವುದು, ವೈರಿಂಗು ಮಾಲೀಕನದು. ನಲ್ಲಿ ವಾಷರು, ಮೋರಿ ಶುಚಿ, ಸ್ವಿಚ್ಚು, ಕಿಟಕಿ ಗಾಜು ಬಾಡಿಗೆಯವನದು. ವಾಸದ ಮನೆಗೆ ಅಡ್ವಾನ್ಸ್ ಎರಡು ತಿಂಗಳ ಬಾಡಿಗೆ ಮೀರುವಂತಿಲ್ಲ. ಮಾಲೀಕ ಮಾಡಿಸದಿದ್ದರೆ ಬಾಡಿಗೆಯವನು ಮಾಡಿಸಿ, ತಿಂಗಳಿಗೆ ಬಾಡಿಗೆಯ ಅರ್ಧ ಮೀರದಂತೆ ಮುರಿದುಕೊಳ್ಳಬಹುದು. ಇದು ಮಾದರಿ ಅಷ್ಟೆ. ರಾಜ್ಯ ತನ್ನದೇ ಶಾಸನ ಮಾಡಿಕೊಳ್ಳದೆ ಇದನ್ನು ಹಿಡಿದುಕೊಂಡು ಕೋರ್ಟಿಗೆ ಹೋದರೆ ನಡೆಯದು. ಆದರೆ ಕರಾರು ಬರೆಯುವಾಗ ನೋಡಿ ಬರೆಯಲು ಯಾರಪ್ಪನ ಅಪ್ಪಣೆಯೂ ಬೇಡ.

ಭೋಗ್ಯದವರ ಪಾಡು ಇನ್ನೂ ಕಷ್ಟ. ಎರಡೋ ಮೂರೋ ಲಕ್ಷವನ್ನು ಒಟ್ಟಿಗೆ ಕೊಟ್ಟು ಬಾಡಿಗೆಯಿಲ್ಲದೆ ಇರುವವರು ಇವರು. ರಿಪೇರಿ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಿ ಎಂದು ಕಾಯ್ದೆ ಹೇಳಿದರೆ ಇವರು ಯಾವ ಬಾಡಿಗೆಯಲ್ಲಿ ಮುರಿಯಬೇಕು? ಮನೆ ಬಿಟ್ಟು ಹೋಗೋಣ ಎಂದರೆ ಆ ಲಕ್ಷಗಳು ಮಾಲೀಕನ ಮಗಳ ಮದುವೆಗೋ, ಇನ್ನೊಂದು ಸೈಟಿಗೋ ಖರ್ಚಾಗಿ ಎಂದೋ ಆಗಿದೆ. ಮುಂದಿನ ಭೋಗ್ಯದವನು ಬಂದು ದುಡ್ಡು ಕೊಟ್ಟರೆ ಇವನಿಗೆ ದುಡ್ಡು. ಬೂಷ್ಟು ನೋಡಿ ಮುಂದಿನವನು ಬರುವುದಿಲ್ಲ. ಹೀಗೆ ಕೂತ ಕುಟುಂಬವೊಂದು ನನಗೆ ಗೊತ್ತು. ಮಗುವಿಗೆ ಪ್ರತಿ ಚಳಿಗಾಲಕ್ಕೂ ಗೊರಗೊರ ಉಬ್ಬಸ. ಕರಾರಿನ ಮೂರು ವರ್ಷ ಮುಗಿದು ನಾಲ್ಕನೆಯದು ನಡೆಯುತ್ತಿದೆ.

ಶೀತದ ಮನೆಗೆ ಯಾರು ಹೋಗುತ್ತಾರೆ ಎಂಬುದನ್ನೂ ಹೇಳದಿದ್ದರೆ ಈ ಬರಹ ಪೂರ್ತಿಯಾಗದು. “ಮನೆ ಬಾಡಿಗೆಗಿದೆ” ಎಂಬ ಬೋರ್ಡು ನೋಡಿ ಹೋದವನಿಗೆ ನಮ್ಮೂರಿನಲ್ಲಿ ಮೊದಲ ಪ್ರಶ್ನೆ ಅಡ್ವಾನ್ಸಿನದಲ್ಲ. “ತಾವು ಯಾವ ಜನ?” ಇದಕ್ಕೆ ಸರಿಯುತ್ತರ ಇರುವವನು ಬೂಷ್ಟು ಕಂಡ ತಿಂಗಳಿಗೇ ಬೇರೆ ಮನೆ ಹುಡುಕಿಕೊಳ್ಳುತ್ತಾನೆ. ದಲಿತ ನರ್ಸಮ್ಮನಿಗೆ, ಮುಸ್ಲಿಂ ಬಸ್ ಕಂಡಕ್ಟರನಿಗೆ ಆ ಸೌಕರ್ಯ ಇಲ್ಲ. ಹತ್ತು ಬಾಗಿಲು ತಟ್ಟಿ ಸಿಕ್ಕಿದ್ದು ಒಂದು ಮನೆ, ಅದು ಬೇರೆಯವರು ಬಿಟ್ಟುಹೋದ ಮನೆ. ಅಲ್ಲಿ ಗೋಡೆ ಬೆವರುತ್ತದೆ ಎಂದು ದೂರಿದರೆ “ಬೇಡ ಅಂದ್ರೆ ಬುಡಿ” ಎಂಬ ಉತ್ತರ ಕಾದಿರುತ್ತದೆ. ಅವರು ಸುಮ್ಮನಿರುತ್ತಾರೆ. ಇದನ್ನು ಕಂಡ ಮೇಲೂ “ಬಾಡಿಗೆಯವರು ಯಾಕೆ ನೋಟಿಸು ಕೊಡಲ್ಲ” ಎಂದು ಕೇಳುವ ಮುಖ ನನಗಂತೂ ಇಲ್ಲ.

ಎದೆಯ ಕಾಯಿಲೆಗೂ ಗೋಡೆಗೂ ಸಂಬಂಧ ಇಲ್ಲ ಎನ್ನುವವರಿದ್ದಾರೆ. ತೇವ ಮತ್ತು ಬೂಷ್ಟಿನ ಮನೆಯಲ್ಲಿ ಇರುವವರಿಗೆ ಕೆಮ್ಮು, ಉಬ್ಬಸ, ಉಸಿರಾಟದ ಸೋಂಕು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಹೊತ್ತಗೆ ಬರೆದು ಹೇಳಿದೆ. ಅದಕ್ಕಿಂತ ಕಣ್ಣಿಗೆ ಕಟ್ಟುವಂಥದ್ದು ಇಂಗ್ಲೆಂಡಿನ ರಾಚ್‌ಡೇಲ್ ಎಂಬ ಊರಿನಲ್ಲಿ ನಡೆದದ್ದು. ಒಂದು ವಸತಿ ಸಂಘದ ಬಾಡಿಗೆ ಮನೆಯಲ್ಲಿ ಅವಾಬ್ ಇಶಾಕ್ ಎಂಬ ಎರಡು ವರ್ಷದ ಮಗು 2020ರ ಡಿಸೆಂಬರಿನಲ್ಲಿ ತೀರಿಕೊಂಡಿತು. ಗೋಡೆಯ ಬೂಷ್ಟಿನ ಗಾಳಿ ದಿನವೂ ಕುಡಿದು ಶ್ವಾಸನಾಳ ಕೆಟ್ಟು ಸತ್ತಿತು ಎಂದು ಮರಣ ವಿಚಾರಣಾಧಿಕಾರಿ 2022ರ ನವೆಂಬರಿನಲ್ಲಿ ತೀರ್ಮಾನ ಕೊಟ್ಟರು. 2017ರಲ್ಲೇ ತಂದೆ ದೂರಿದ್ದ. ಸಿಕ್ಕ ಉತ್ತರ, “ಮೇಲೆ ಪೇಂಟ್ ಹೊಡಿ.” ಈ ವಲಸೆ ಬಂದ ಸಂಸಾರದ ಸ್ನಾನ, ಅಡುಗೆಯ ರೀತಿಯೇ ಬೂಷ್ಟಿಗೆ ಕಾರಣ ಇರಬೇಕು ಎಂದು ಆ ಸಂಘದವರು ಊಹೆ ಮಾಡಿಕೊಂಡಿದ್ದರು. ಆಮೇಲೆ ಆ ಊಹೆ ತಪ್ಪು ಎಂದು ಅವರೇ ಒಪ್ಪಿಕೊಂಡರು. ನಮ್ಮ ಮಾಲೀಕರ “ಒದ್ದೆ ಬಟ್ಟೆ”ಯ ಮಾತು ನೆನಪಾಗುವುದಿಲ್ಲವೇ? ಆ ಮಗುವಿನ ಹೆಸರಿನ ಕಾನೂನು ಅಲ್ಲಿ 2025ರ ಅಕ್ಟೋಬರ್ 27ರಿಂದ ನಡೆಯುತ್ತಿದೆ. ಸಾರ್ವಜನಿಕ ವಸತಿಯ ಮನೆಯಲ್ಲಿ ಅಪಾಯದ ಮಟ್ಟದ ತೇವ, ಬೂಷ್ಟು ಇದೆ ಎಂದು ದೂರು ಬಂದರೆ ಹತ್ತು ಕೆಲಸದ ದಿನದೊಳಗೆ ಬಂದು ಪರೀಕ್ಷೆ ಮಾಡಬೇಕು, ಜೀವಕ್ಕೆ ತುರ್ತು ಎಂದಾದರೆ 24 ಗಂಟೆಯೊಳಗೆ ಕೆಲಸ ಆಗಬೇಕು.

ಮಾಲೀಕರೆಲ್ಲ ಕಂಸರು ಎಂದು ನಾನು ಹೇಳುತ್ತಿಲ್ಲ. ಗಂಡನ ಪಿಂಚಣಿಯೂ ಇಲ್ಲದೆ ಒಂದು ಮನೆಯ ಬಾಡಿಗೆಯಲ್ಲೇ ಔಷಧಿ, ಅಕ್ಕಿ ನೋಡಿಕೊಳ್ಳುವ ಹೆಣ್ಣುಮಕ್ಕಳು ಪ್ರತಿ ಬೀದಿಯಲ್ಲಿದ್ದಾರೆ. ಅಂಥವರಿಗೆ ತಾರಸಿಗೆ ಹೊಸ ಸುರ್ಕಿ ಹಾಕಿಸಿ ಎಂದರೆ ಎರಡು ವರ್ಷದ ಬಾಡಿಗೆ ಹೋಯಿತು. ಮೂರು ಹೊತ್ತೂ ಕಿಟಕಿ ಮುಚ್ಚಿ, ಫ್ಯಾನ್ ಹಾಕದೆ, ಕುಕ್ಕರಿನ ಆವಿಯಲ್ಲಿ ಮನೆಯನ್ನೇ ಇಡ್ಲಿ ಪಾತ್ರೆ ಮಾಡುವ ಬಾಡಿಗೆಯವರೂ ಇದ್ದಾರೆ. ಸೊಳ್ಳೆ ಬರುತ್ತೆ ಅಂತಾರೆ. ಸೊಳ್ಳೆ ಪರದೆ ಹಾಕಿಸಿದರೆ ಎರಡೂ ಕೆಲಸ ಆಗುತ್ತದೆ. ಆದರೆ ಬಹಳ ಮನೆಗಳಲ್ಲಿ ದೊಡ್ಡ ಖರ್ಚೇ ಬೇಕಿಲ್ಲ. ನಾನು ಹೇಳಿದ ಮೇಷ್ಟ್ರ ಮನೆಗೆ ಬೇಕಾಗಿದ್ದದ್ದು ಒಂದು ಬೆಂಡು, ನಾಲ್ಕಡಿ ಪೈಪು. ಮೊದಲು ನೀರು ನಿಲ್ಲಿಸಿ, ಗೋಡೆ ಪೂರ್ತಿ ಒಣಗಲು ಬಿಟ್ಟು, ಕೆಟ್ಟ ಗಾರೆ ಕೆರೆದು, ಆಮೇಲೆ ಬಣ್ಣ. ನಮ್ಮವರು ಕೊನೆಯದನ್ನು ಮೊದಲು ಮಾಡುತ್ತಾರೆ.

ಮೂರನೆಯ ಆಸಾಮಿಯೊಬ್ಬ ಇದ್ದಾನೆ, ಅವನನ್ನು ಯಾರೂ ಕರೆಯುವುದಿಲ್ಲ. ರಸ್ತೆಗೆ ಪ್ರತಿ ಸಲವೂ ಹಳೆಯದರ ಮೇಲೇ ಹೊಸ ಕಾಂಕ್ರೀಟು ಹಾಕಿ ಹಾಕಿ ಬೀದಿ ಹೊಸಲಿಗಿಂತ ಎತ್ತರವಾಗಿದೆ. ಮೋರಿ ಕಟ್ಟಿ ನೀರು ಪಾಯಕ್ಕೆ ಇಳಿಯುತ್ತದೆ. ಇಂಥಲ್ಲಿ ಮಾಲೀಕ, ಬಾಡಿಗೆಯವ ಇಬ್ಬರೂ ಜಗಳ ನಿಲ್ಲಿಸಿ ಒಂದೇ ಅರ್ಜಿಗೆ ಸಹಿ ಹಾಕಿ ಕೊಳ್ಳೇಗಾಲದವರು ನಗರಸಭೆಗೆ, ಹನೂರು, ಯಳಂದೂರಿನವರು ಪಟ್ಟಣ ಪಂಚಾಯಿತಿಗೆ ಕೊಡಬೇಕು. ಚರಂಡಿ ನೋಡಿಕೊಳ್ಳುವುದು ಪುರಸಭೆಗಳ ಕಾಯ್ದೆಯಲ್ಲಿ ಅವರ ಕಡ್ಡಾಯದ ಕೆಲಸ, ಧರ್ಮ ಅಲ್ಲ.

ಬಾಡಿಗೆಯವರಿಗೆ ಒಂದು ಕೆಲಸದ ಮಾತು. ಒಳಗೆ ಕಾಲಿಟ್ಟ ದಿನ ಪ್ರತಿ ಗೋಡೆಯ ಫೋಟೋ ತೆಗೆದು ಮಾಲೀಕರ ವಾಟ್ಸಾಪಿಗೆ ಕಳಿಸಿ. ಬೂಷ್ಟು ಕಂಡ ದಿನವೂ ಕಳಿಸಿ. ಬಾಯಿ ಮಾತಲ್ಲಿ ಎರಡು ಮಳೆಗಾಲ ಹೇಳಿದ್ದಕ್ಕೆ ಸಾಕ್ಷಿ ಇಲ್ಲ. ಉತ್ತರ ಬರದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಒಂದು ಕಾಗದ ಹಾಕಿ, ನಕಲು ಇಟ್ಟುಕೊಳ್ಳಿ. ಆಮೇಲೂ ಆಗದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ 1987ರ ಕಾಯ್ದೆಯ ಪ್ರಕಾರ ಅಲ್ಲಿ ನೆರವು ಪುಕ್ಕಟೆ. ಕೇಸು ಹಾಕುವ ಮುಂಚೆಯೇ ಇಬ್ಬರನ್ನೂ ಕರೆಸಿ ಕೂರಿಸಿ ರಾಜಿ ಮಾಡಿಸುತ್ತಾರೆ. ಟೆಂಪೋ ಡ್ರೈವರನ ಪಂಚಾಯ್ತಿಗಿಂತ ವಾಸಿ.

ಮೇಷ್ಟ್ರು ಈಗ ಮುಡಿಗುಂಡದ ಕಡೆ ಬೇರೆ ಮನೆಯಲ್ಲಿದ್ದಾರೆ. ಮಾಲೀಕರು ಒಬ್ಬ ವಯಸ್ಸಾದ ಅಮ್ಮ. ಮೊನ್ನೆ ಹೋಗಿದ್ದಾಗ ಕರಾರು ಪತ್ರ ತೋರಿಸಿದರು. ಅದೇ ಡಿಟಿಪಿ ಅಂಗಡಿಯ ಅದೇ ಪ್ರತಿ, ಆದರೆ ಕೊನೆಯಲ್ಲಿ ಪೆನ್ನಿನಲ್ಲಿ ನಾಲ್ಕು ಸಾಲು ಸೇರಿಸಿದ್ದರು. ತಾರಸಿ, ಪೈಪು, ಗೋಡೆಯ ಶೀತ ಮಾಲೀಕರದು. ಒಳಗಿನ ಆವಿಯಿಂದ ಬಂದದ್ದು ಬಾಡಿಗೆದಾರರದು. ಇಂದಿನ ಗೋಡೆಯ ಫೋಟೋ ಇಬ್ಬರ ಬಳಿಯೂ ಇದೆ. ಕೆಳಗೆ ಇಬ್ಬರ ಸಹಿ. ಸಹಿ ಹಾಕುವ ಮುಂಚೆ ಆಯಮ್ಮ ಕನ್ನಡಕ ಏರಿಸಿಕೊಂಡು ಎರಡು ಸಲ ಓದಿಸಿಕೊಂಡರಂತೆ. ಆಮೇಲೆ ಪೆನ್ನು ಕೇಳಿ ಇಸ್ಕೊಂಡು ತಾವೇ ಒಂದು ಸಾಲು ಸೇರಿಸಿದ್ದಾರೆ: “ಬಟ್ಟೆ ಮೇಲೆ ಒಣಗಿಸುವುದು. ಮಹಡಿ ಬೀಗದ ಕೈ ಒಂದು ಅವರಿಗೆ ಕೊಟ್ಟಿದೆ.”